ಏಳು ಸಹಿಗಳಲ್ಲಿ ಒಂದು ಹೆಬ್ಬೆಟ್ಟು

ನಮ್ಮ ಶಾಲೆಯ ಶತಮಾನೋತ್ಸವ ಸಮಿತಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಸ್ಮರಣ ಸಂಚಿಕೆಯ ಸಂಪಾದಕರಿಗೆ, ಈ ಶಾಲೆಯಲ್ಲಿ ಒಂದು ದಿನವಾದರೂ ಕೂತು ಕಲಿತ ಎಲ್ಲರಿಗೆ,

ನಮಸ್ಕಾರ.

ಸಮಿತಿಯಲ್ಲಿರುವ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅ ಆ ಇ ಈ ಬರೆಸಿದವಳು ನಾನೇ. ಹಾಗಾಗಿ ಸ್ವಲ್ಪ ಸಲಿಗೆಯಿಂದ ಬರೆಯುತ್ತೇನೆ, ಬೇಸರ ಮಾಡಬೇಡಿ. ಇದನ್ನೆಲ್ಲ ಮೊದಲು ಒಂದು ಕಾಗದದಲ್ಲಿ ಬರೆದು ನಿಮ್ಮ ಕೈಯಲ್ಲೇ ಕೊಟ್ಟಿದ್ದೆ. "ನೋಡುವ ಟೀಚರೇ" ಅಂದಿರಿ. ನಮ್ಮ ಕಾಸರಗೋಡಿನ ಕಡೆ "ನೋಡುವ" ಅಂದರೆ ಏನರ್ಥ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಕಾದೆ. ಈಗ ಸಂಚಿಕೆ ಪ್ರೆಸ್ಸಿಗೆ ಹೋಗುವ ದಿನ ಹತ್ತಿರ ಬಂತು. ಇನ್ನು ಎಲ್ಲರೆದುರು ಹೇಳುವುದೇ ಸರಿ ಅನ್ನಿಸಿತು.

ಸಂಚಿಕೆಯ ಕರಡಿನ ಮೊದಲ ಪುಟ ನೋಡಿದೆ. ದೊಡ್ಡ ಮನೆಯ ಅಜ್ಜನ ಫೋಟೊ, ಅದರ ಕೆಳಗೆ "ಏಕಾಂಗಿಯಾಗಿ, ಸ್ವಂತ ಖರ್ಚಿನಲ್ಲಿ ಈ ವಿದ್ಯಾದೇಗುಲವನ್ನು ಕಟ್ಟಿದ ಮಹಾಪುರುಷ" ಎಂಬ ಸಾಲು. ಗೇಟಿನ ಹತ್ತಿರ ಹಾಕಲು ಅಮೃತಶಿಲೆಯ ಹಲಗೆಗೂ ಇದೇ ಸಾಲನ್ನು ಕೊಟ್ಟಿದ್ದೀರಂತೆ.

ಅಜ್ಜನ ಬಗ್ಗೆ ನನಗೆ ಗೌರವ ಇದೆ. ಜಾಗ ಕೊಟ್ಟವರು ಅವರೇ, ಅದರಲ್ಲಿ ಅನುಮಾನ ಇಲ್ಲ. ಅದೂ ಗುಡ್ಡದ ಬದಿಯ ಬಂಜರು ಅಲ್ಲ, ಬಾವಿ ತೋಡಿದರೆ ನೀರು ಸಿಗುವ ಒಳ್ಳೆಯ ಜಾಗ. ಆದರೆ "ಏಕಾಂಗಿಯಾಗಿ" ಅನ್ನುವ ಆ ಒಂದು ಶಬ್ದ ಇದೆಯಲ್ಲ, ಅದು ಸುಳ್ಳು. ಅಜ್ಜ ಬದುಕಿದ್ದರೆ ಅವರೇ ಪೆನ್ನು ತೆಗೆದು ಅದನ್ನು ಹೊಡೆದುಹಾಕುತ್ತಿದ್ದರು.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಹಿಂದಿನ ಹೆಡ್‌ಮಾಷ್ಟ್ರ ಹಳೆ ಮನೆ ಕೆಡವುವಾಗ ಅವರ ಸೊಸೆ ನನ್ನನ್ನು ಕರೆದರು. "ಅಟ್ಟದಲ್ಲಿ ಒಂದು ಟ್ರಂಕು ಉಂಟು, ಶಾಲೆಯ ಕಾಗದವೋ ಏನೋ, ನಿಮಗೆ ಬೇಕಾದರೆ ಕೊಂಡುಹೋಗಿ ಟೀಚರೇ, ಇಲ್ಲದಿದ್ದರೆ ಬಚ್ಚಲ ಒಲೆಗೆ" ಅಂದರು. ಟ್ರಂಕಿನ ತಳ ಗೆದ್ದಲು ತಿಂದಿತ್ತು. ಮೇಲಿನ ಪುಸ್ತಕಗಳು ಉಳಿದಿದ್ದವು. ಒಂದು ಲೆಕ್ಕದ ಪುಸ್ತಕ. ಒಂದು ಎಡ್ಮಿಷನ್ ರಿಜಿಸ್ಟರ್. ಇನ್ಸ್‌ಪೆಕ್ಟರು ಬಂದು ಬರೆದುಹೋಗುತ್ತಿದ್ದ ಪುಸ್ತಕ. ನಾಲ್ಕಾಗಿ ಮಡಚಿದ, ಮಡಿಕೆಯಲ್ಲಿ ಹರಿದ ಒಂದು ಕಾಗದ. ಆ ಕಾಗದದ ವಿಷಯ ಆಮೇಲೆ ಹೇಳುತ್ತೇನೆ. ಈ ಪತ್ರ ಬರೆಯಲು ಕಾರಣವೇ ಅದು.

ಶಾಲೆ ಬರುವ ಮೊದಲು ನಮ್ಮ ಊರು ಕತ್ತಲಲ್ಲಿ ಇತ್ತು ಅಂತ ಕರಡಿನಲ್ಲಿ ಬರೆದಿದ್ದೀರಿ. ಅಷ್ಟೆಲ್ಲ ಕತ್ತಲು ಇರಲಿಲ್ಲ. ಐಗಳ ಮಠ, ಅಂದರೆ ಹಳೆ ಕಾಲದ ಊರಿನ ಶಾಲೆ, ಇತ್ತು. ಜಗಲಿಯಲ್ಲಿ ಹೊಯಿಗೆ (ಮರಳು) ಹರಡಿ ಬೆರಳಿನಿಂದ ಬರೆಸುತ್ತಿದ್ದರು. ಲೆಕ್ಕ, ಮಗ್ಗಿ, ಒಂದಿಷ್ಟು ಪದ್ಯ ಬಾಯಿಪಾಠ. ಮಾಪಿಳ್ಳೆ ಮುಸ್ಲಿಮರ ಮಕ್ಕಳಿಗೆ ಕುರಾನ್ ಕಲಿಸುವ ಓತುಪಳ್ಳಿ ಇತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಕರಾವಳಿಯ ಉದ್ದಕ್ಕೂ ಶಾಲೆ ತೆರೆದಿದ್ದರು. ನಮ್ಮ ನೀರ್ಚಾಲಿನಲ್ಲೇ 1911ರಲ್ಲಿ ಮಹಾಜನ ಸಂಸ್ಕೃತ ಕಾಲೇಜು ಶುರುವಾಗಿತ್ತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕಲಿತದ್ದು ಅಲ್ಲೇ. ಆ ಸಂಸ್ಥೆಯ ಹೆಸರನ್ನೇ ನೋಡಿ. ಹಲಗೆಯ ಮೇಲೆ ಇರುವುದು ಯಾರೋ ಒಬ್ಬರ ಹೆಸರಲ್ಲ, ಮಹಾಜನ.

ನಮ್ಮವರಿಗೆ ಇದ್ದ ಕಷ್ಟ ಬೇರೆ. ಶಾಲೆ ಇದ್ದದ್ದು ಹೊಳೆಯ ಆಚೆ. ಮಳೆಗಾಲದ ಆಟಿ ತಿಂಗಳಲ್ಲಿ ಪಯಸ್ವಿನಿ ಹೊಳೆ ಹೇಗೆ ಬರುತ್ತದೆ ಅಂತ ಗೊತ್ತಲ್ಲ. ಹೊಳೆಗೆ ಸೇರುವ ತೋಡುಗಳ ಮೇಲೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಜೂನಿನಲ್ಲಿ ಶಾಲೆ ಶುರು, ಜೂನಿನಲ್ಲೇ ಸಂಕ ಕೊಚ್ಚಿಹೋಗುವುದು. ಹೊಳೆ ಇಳಿಯುವ ತನಕ ಮಕ್ಕಳು ಮನೆಯಲ್ಲಿ. ಅಷ್ಟರಲ್ಲಿ ಅರ್ಧ ಮಕ್ಕಳು ದನ ಮೇಯಿಸಲು ಹೋಗಿ ಆಗಿರುತ್ತಿತ್ತು. ಈಚೆ ದಡದಲ್ಲೇ ಒಂದು ಶಾಲೆ ಬೇಕು ಅನ್ನುವ ಮಾತು ಹುಟ್ಟಿದ್ದು ಹೀಗೆ. ಕರಡಿನಲ್ಲಿ "ಅಜ್ಜನಿಗೆ ಕನಸಿನಲ್ಲಿ ಪ್ರೇರಣೆಯಾಯಿತು" ಅಂತ ಇದೆ. ಕನಸು ಬಿದ್ದಿರಬಹುದು, ಬೇಡ ಅನ್ನುವುದಿಲ್ಲ. ಹೊಳೆ ಬಂದದ್ದಂತೂ ಖಂಡಿತ.

ಆಗ ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. ಹಳ್ಳಿಗಳಿಗೆ ಸರಕಾರವೇ ಬಂದು ಶಾಲೆ ಕಟ್ಟಿಕೊಡುವುದು ಕಡಿಮೆ. 1854ರ ವುಡ್ಡನ ವರದಿಯ ನಂತರ ಖಾಸಗಿ ಶಾಲೆಗೆ ಸರಕಾರ ಹಣ ಕೊಡುವ ಗ್ರಾಂಟಿನ ಪದ್ಧತಿ ಬಂದಿತ್ತು. 1920ರ ಮದ್ರಾಸ್ ಎಲಿಮೆಂಟರಿ ಶಿಕ್ಷಣ ಕಾಯಿದೆಯ ಮೇಲೂ ಖಾಸಗಿ ಶಾಲೆಗಳಿಗೆ ದಾರಿ ಅದೇ. ಮೊದಲು ಊರವರು ಮಾಡು, ಅಂದರೆ ಸೂರು, ಎಬ್ಬಿಸಬೇಕು. ಮಾಷ್ಟ್ರನ್ನು ಹುಡುಕಬೇಕು. ಮಕ್ಕಳನ್ನು ಕೂರಿಸಿ ನಡೆಸಿ ತೋರಿಸಬೇಕು. ಇನ್ಸ್‌ಪೆಕ್ಟರು ಬಂದು ತಲೆ ಎಣಿಸಿ, ಮಗ್ಗಿ ಕೇಳಿ, ಮಾನ್ಯತೆ ಕೊಡಬೇಕು. ಆಮೇಲೆ ಗ್ರಾಂಟು. ಅದೂ ಮಾಷ್ಟ್ರ ಸಂಬಳಕ್ಕೆ ಪೂರಾ ಸಾಕಾಗುತ್ತಿರಲಿಲ್ಲ.

ಹಾಗಾದರೆ ಗ್ರಾಂಟು ಬರುವ ತನಕ ಶಾಲೆ ನಡೆದದ್ದು ಹೇಗೆ? ಲೆಕ್ಕದ ಪುಸ್ತಕ ಹೇಳುತ್ತದೆ, ಅಕ್ಕಿಯಿಂದ.

ಮುಷ್ಟಿ ಅಕ್ಕಿ ಗೊತ್ತಲ್ಲ. ಅನ್ನಕ್ಕೆ ಅಕ್ಕಿ ಅಳೆಯುವಾಗ ಮನೆಯ ಹೆಂಗಸು ಒಂದು ಮುಷ್ಟಿ ತೆಗೆದು ಬೇರೆ ಗಡಿಗೆಗೆ ಹಾಕುವುದು. ವಾರಕ್ಕೊಮ್ಮೆ ಒಬ್ಬರು ಚೀಲ ಹಿಡಿದು ಮನೆಮನೆಗೆ ಬಂದು ಅದನ್ನು ಕೊಂಡುಹೋಗುವುದು. ಪುಟದ ಎಡಬದಿಗೆ ಮನೆಗಳ ಹೆಸರು, ಬಲಬದಿಗೆ ಸೇರು, ಪಾವು. ಮನೆಯ ಹೆಸರಿನ ಕೆಳಗೆ ಎಲ್ಲಿಯೂ ಹೆಂಗಸರ ಹೆಸರಿಲ್ಲ. ಆದರೆ ಅಕ್ಕಿ ತೆಗೆದಿಟ್ಟ ಕೈ ಯಾರದ್ದು ಅಂತ ನಮ್ಮ ಕಡೆ ಅಡುಗೆಮನೆ ಕಂಡವರಿಗೆ ಹೇಳಬೇಕಾಗಿಲ್ಲ. ಆ ಕಾಲದಲ್ಲಿ ಎಷ್ಟೋ ಮನೆಯಲ್ಲಿ ಮಳೆಗಾಲಕ್ಕೆ ಗಂಜಿಗೇ ತತ್ವಾರ. ಒಂದು ಮನೆಯ ಎದುರು ಎರಡು ವಾರ "ಇಲ್ಲ" ಅಂತ ಇದೆ, ಮೂರನೇ ವಾರ "ಮರಗೆಣಸು" ಅಂತ ಇದೆ. ಅಕ್ಕಿ ಇಲ್ಲದವರು ಗೆಣಸು ಕೊಟ್ಟಿದ್ದಾರೆ. ಅದನ್ನು ಮಾಷ್ಟ್ರು ತಿಂದಿರಬೇಕು, ಬೇರೆ ಯಾರು ತಿನ್ನುವುದು!

ಸೇರಿದ ಅಕ್ಕಿಯನ್ನು ಮುಡಿ ಕಟ್ಟಿ ಮಾರುತ್ತಿದ್ದರು. ಈಗಿನ ಮಕ್ಕಳಿಗೆ ಮುಡಿ ಅಂದರೆ ದೇವಸ್ಥಾನದ ಬ್ರಹ್ಮಕಲಶಕ್ಕೆ ಹಸಿರುವಾಣಿಯಲ್ಲಿ ಕೊಂಡುಹೋಗುವ ವಸ್ತು ಅಷ್ಟೇ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಬೈಹುಲ್ಲಿನಲ್ಲಿ ಸುತ್ತಿ ಹಗ್ಗ ಬಿಗಿದರೆ ಮಳೆಗಾಲ ಕಳೆದರೂ ಅಕ್ಕಿ ಹಾಳಾಗುವುದಿಲ್ಲ. ಮಾಷ್ಟ್ರ ಸಂಬಳ ರೂಪಾಯಿ, ಆಣೆ, ಪೈ ಲೆಕ್ಕದಲ್ಲಿ ಬರೆದಿದೆ. ಎಷ್ಟೋ ತಿಂಗಳು ಅದರ ಪಕ್ಕದಲ್ಲಿ "ಅಕ್ಕಿ ರೂಪದಲ್ಲಿ" ಅಂತ ಟಿಪ್ಪಣಿ ಉಂಟು.

ಕಟ್ಟಡದ ಲೆಕ್ಕ ಓದುವಾಗ ಇನ್ನೂ ಖುಷಿ ಆಗುತ್ತದೆ. ಮೊದಲಿಗೆ ಮುಳಿಹುಲ್ಲಿನ ಮಾಡು. ಹುಲ್ಲು ಗುಡ್ಡದಿಂದ, ಪುಕ್ಕಟೆ. ಕೊಯ್ದು ಹೊದೆಸಿದವರ ಕೂಲಿಯ ಎದುರು "ಬಿಟ್ಟಿದ್ದಾರೆ" ಅಂತ ಬರೆದಿದೆ, ಅಂದರೆ ತೆಗೆದುಕೊಳ್ಳಲಿಲ್ಲ. ಆಮೇಲೆ ಮುರಕಲ್ಲಿನ ಗೋಡೆ. ಕಲ್ಲು ಕಡಿದವರು ಅರ್ಧ ಕೂಲಿ ತೆಗೆದುಕೊಂಡಿದ್ದಾರೆ. ಕೆಲವು ವರ್ಷ ಕಳೆದು ಮಂಗಳೂರು ಹಂಚು. ಬಾಸೆಲ್ ಮಿಶನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದರಿಂದ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ನಮ್ಮ ಶಾಲೆಯ ಸರದಿ ಬಂದದ್ದು ಮಾತ್ರ ಒಂದು ಸಹಾಯಾರ್ಥ ಯಕ್ಷಗಾನ ಆಟ ಆಡಿಸಿದ ಮೇಲೆ. ಆಟದ ಖರ್ಚಿನ ಪಟ್ಟಿ ಒಂದೂವರೆ ಪುಟ ಉಂಟು. ದೀವಟಿಗೆಯ ಎಣ್ಣೆ, ವೀಳ್ಯ, ಮೇಳದವರ ಊಟ, ಭಾಗವತರಿಗೆ ಶಾಲು. ಉಳಿದ ಹಣದಲ್ಲಿ ಹಂಚು. ರಾತ್ರಿಯಿಡೀ ನಿದ್ದೆಗೆಟ್ಟು ಆಟ ನೋಡಿದವರ ದುಡ್ಡಿನಿಂದ ನಮ್ಮ ತಲೆಯ ಮೇಲೆ ಮಳೆ ಬೀಳದ ಹಾಗಾಯಿತು. ಕರಡಿನಲ್ಲಿ ಈ ಆಟದ ಬಗ್ಗೆ ಒಂದೇ ಒಂದು ಸಾಲೂ ಇಲ್ಲ. ನಮ್ಮ ಊರಿನವರು ಆಟವನ್ನು ಮರೆಯುವುದೆಂದರೆ!

ಈಗ ಆ ಮಡಚಿದ ಕಾಗದಕ್ಕೆ ಬರುತ್ತೇನೆ.

ಶಾಲೆ ನಡೆಸಲು ಊರವರು ಒಂದು ಸಂಘ ಮಾಡಿದ್ದರು. ಅದನ್ನು 1860ರ ಸೊಸೈಟಿ ರಿಜಿಸ್ಟ್ರೇಷನ್ ಕಾಯಿದೆಯ ಪ್ರಕಾರ ಮಂಗಳೂರಿನಲ್ಲಿ ರಿಜಿಸ್ಟರ್ ಮಾಡಿಸಿದ್ದರು. ಆ ಕಾಯಿದೆ ಓದಲು ನನಗೆ ಬಹಳ ಕಷ್ಟ ಆಯಿತು, ಇಂಗ್ಲಿಷು ಹಳೆಯದು. ವಕೀಲನಾಗಿರುವ ನನ್ನ ಹಳೆ ಹುಡುಗನೊಬ್ಬ ಕೂತು ಓದಿ ಹೇಳಿದ. ಮೊದಲ ಕಲಮಿನಲ್ಲೇ ಇದೆಯಂತೆ, ಏಳು ಜನರಿಗಿಂತ ಕಡಿಮೆ ಇದ್ದರೆ ಸಂಘ ಆಗುವುದೇ ಇಲ್ಲ. ಏಳು ಜನ ಹೆಸರು ಕೊಟ್ಟು ಸಹಿ ಹಾಕಬೇಕು. ಅಂದರೆ ನಿಮ್ಮ "ಏಕಾಂಗಿ" ಕಾನೂನಿನಲ್ಲೇ ಸಾಧ್ಯವಿಲ್ಲ.

ನಮ್ಮ ಕಾಗದದಲ್ಲಿ ಏಳು ಹೆಸರು ಇವೆ. ಅವರ ಮನೆಯವರನ್ನು ಕೇಳದೆ ಹೆಸರು ಇಲ್ಲಿ ಬರೆಯುವುದಿಲ್ಲ. ಕಸುಬು ಮಾತ್ರ ಹೇಳುತ್ತೇನೆ, ಕಾಗದದಲ್ಲೂ ಹೆಸರಿನ ಪಕ್ಕ ಕಸುಬು ಬರೆದಿದೆ. ಮೊದಲನೆಯವರು ದೊಡ್ಡ ಮನೆಯ ಅಜ್ಜ, ವರ್ಗದಾರರು, ಅಂದರೆ ಭೂಮಿಯ ಒಡೆಯರು. ಎರಡನೆಯವರು ಪಂಡಿತರು, ಮದ್ದು ಕೊಡುತ್ತಿದ್ದವರು. ಮೂರನೆಯವರು ಮಾಷ್ಟ್ರು. ನಾಲ್ಕನೆಯವರು ಗೇಣಿಗೆ ಗದ್ದೆ ಮಾಡುತ್ತಿದ್ದ ಒಕ್ಕಲು. ಐದನೆಯವರು ಕಡವಿನ, ಅಂದರೆ ದೋಣಿ ದಾಟುವ ಜಾಗದ, ಹತ್ತಿರ ಅಂಗಡಿ ಇಟ್ಟಿದ್ದ ಬ್ಯಾರಿ. ಅವರ ಸಹಿ ಅರಬಿ ಲಿಪಿಯಲ್ಲಿದೆ. ಆರನೆಯವರು ಮಗ್ಗದವರು. ಏಳನೆಯವರ ಕಸುಬು "ದೋಣಿ ನಡೆಸುವುದು". ಅವರ ಸಹಿ ಇಲ್ಲ, ಹೆಬ್ಬೆಟ್ಟು.

ಈ ಹೆಬ್ಬೆಟ್ಟನ್ನು ನಾನು ತುಂಬ ಹೊತ್ತು ನೋಡಿದೆ. ಮಕ್ಕಳನ್ನು ಹೊಳೆ ದಾಟಿಸುತ್ತಿದ್ದವರು ಅವರು. ಈಚೆಯೇ ಶಾಲೆ ಆದರೆ ಅವರಿಗೆ ನಾಲ್ಕು ಕಾಸು ನಷ್ಟ ಅಲ್ವಾ? ಆದರೂ ಒತ್ತಿದ್ದಾರೆ. ಅವರಿಗೆ ಓದಲು ಬರುತ್ತಿರಲಿಲ್ಲ, ಏನು ಬರೆದಿದೆ ಅಂತ ಯಾರೋ ಓದಿ ಹೇಳಿರಬೇಕು. ಅವರ ಮನೆಯ ಮಕ್ಕಳು ನನ್ನ ಕ್ಲಾಸಿನಲ್ಲಿ ಕೂತಿದ್ದರು. ಅವರಿಗಾಗಲಿ ನನಗಾಗಲಿ ಈ ವಿಷಯ ಗೊತ್ತಿರಲಿಲ್ಲ. ಫೀಸು ಕಟ್ಟಿಲ್ಲ ಅಂತ ಅವರಲ್ಲೊಬ್ಬನನ್ನು ಬಾಗಿಲ ಹತ್ತಿರ ನಿಲ್ಲಿಸಿದ ನೆನಪು ನನಗೆ ಇದೆ. ಸ್ಪೆಶಲ್ ಫೀಸು, ಎಷ್ಟೋ ಪೈಸೆ. ನಿಲ್ಲಿಸಿದವಳು ನಾನೇ.

ಇಷ್ಟು ಹೇಳಿದ ಮೇಲೆ ಇನ್ನೊಂದು ಹೇಳದಿದ್ದರೆ ನನ್ನದೂ ಸುಳ್ಳಾಗುತ್ತದೆ. "ಜಾತಿಮತ ಭೇದವಿಲ್ಲದೆ ಎಲ್ಲರಿಗೂ ಬಾಗಿಲು ತೆರೆದ ಶಾಲೆ" ಅಂತ ಕರಡಿನ ಎರಡನೇ ಪುಟದಲ್ಲಿದೆ. ಎಡ್ಮಿಷನ್ ರಿಜಿಸ್ಟರ್ ಹಾಗೆ ಹೇಳುವುದಿಲ್ಲ. ಮೊದಲ ವರ್ಷಗಳ ಪುಟಗಳಲ್ಲಿ ಹೆಣ್ಣುಮಕ್ಕಳ ಹೆಸರಿಲ್ಲ. ಊರು ಮುಟ್ಟದೆ ದೂರ ಇಟ್ಟಿದ್ದ ಕೊರಗರ, ಮೊಗೇರರ ಮಕ್ಕಳ ಹೆಸರೂ ಇಲ್ಲ. ಆಮೇಲೆ ಅವರ ಹೆಸರು ಬರುತ್ತವೆ. ಆದರೆ ಇನ್ಸ್‌ಪೆಕ್ಟರರ ಪುಸ್ತಕದಲ್ಲಿ ಒಂದು ಸಾಲು ಇದೆ. ಕೆಲವು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿದ್ದು ಕಂಡೆ, ಒಳಗೆ ಕೂರಿಸಬೇಕು ಅಂತ. ಮುಂದಿನ ಭೇಟಿಯಲ್ಲೂ ಅದೇ ಸಾಲು. ಅಂದರೆ ನಮ್ಮ ಏಳು ಜನರೂ, ಹೆಬ್ಬೆಟ್ಟಿನವರು ಸೇರಿ, ಆ ಮಕ್ಕಳನ್ನು ಒಳಗೆ ಕರೆಯಲಿಲ್ಲ.

ಕಾಲ ಹಾಗಿತ್ತು ಅಂತ ನೀವು ಹೇಳಬಹುದು. ಕಾಲ ಹಾಗಿದ್ದದ್ದು ನಿಜ. ಆದರೆ ನಮ್ಮ ಕಾಸರಗೋಡು ತಾಲೂಕಿನ ಕುದ್ಮುಲಿನವರೇ ಆದ ರಂಗರಾಯರು ಅದೇ ಕಾಲಕ್ಕಿಂತ ಮೊದಲೇ, 19ನೇ ಶತಮಾನದ ಕೊನೆಗೆ, ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿಯೇ ಶಾಲೆ ತೆರೆದಿದ್ದರು. ಜಾತಿಯವರು ಅವರನ್ನು ದೂರ ಇಟ್ಟರು. ಅವರು ಬಿಡಲಿಲ್ಲ. 1928ರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸ. ಹಾಗಾಗಿ ಜಗಲಿಯ ವಿಷಯವೂ ಸಂಚಿಕೆಯಲ್ಲಿ ಬರಲಿ. ಆ ಜಗಲಿಯಲ್ಲಿ ಕೂತು ಕಲಿತ ಒಬ್ಬರ ಮೊಮ್ಮಗಳು ಈಗ ನಮ್ಮ ಪಂಚಾಯತಿನಲ್ಲೇ ಕೆಲಸದಲ್ಲಿದ್ದಾಳೆ. ಅವಳನ್ನು ಕೇಳಿ ಬರೆಸಿ. ನಾನು ಬರೆದರೆ ಅದು ನಮ್ಮ ಕಡೆಯ ಕಥೆ ಆಗುತ್ತದೆ.

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಬಗ್ಗೆ ನೀವು ಎಂಟು ಪುಟ ಬರೆದಿದ್ದೀರಿ. ಬೇಡ ಅನ್ನುವುದಿಲ್ಲ, ಆದರೆ ಅದು ಎಲ್ಲರಿಗೂ ಗೊತ್ತಿರುವ ಕಥೆ. ಗಡಿ ವಿವಾದ ವಿಚಾರಿಸಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿತು, ಅದು ಆಗಲಿಲ್ಲ. ನಾವು ಇಲ್ಲೇ ಉಳಿದೆವು, ಕನ್ನಡವೂ ಇಲ್ಲೇ ಉಳಿಯಿತು. ನಮ್ಮ ಶಾಲೆಯ ಮಟ್ಟಿಗೆ ಜಾಸ್ತಿ ವ್ಯತ್ಯಾಸ ಮಾಡಿದ್ದು ಅದರ ನಂತರ ಬಂದ ಕೇರಳ ಶಿಕ್ಷಣ ಕಾಯಿದೆ. 1957ರಲ್ಲಿ ಕೇರಳದ ಮೊದಲ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರ ಸರಕಾರದ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ತಂದ ಮಸೂದೆ. ಅದಕ್ಕೆ ಇಡೀ ರಾಜ್ಯದಲ್ಲಿ ಗಲಾಟೆ ಆಯಿತು, ಸುಪ್ರೀಂ ಕೋರ್ಟಿನ ತನಕ ಹೋಯಿತು. 1959ರಲ್ಲಿ ಜಾರಿಗೆ ಬಂದಾಗ ನಮ್ಮ ಮಾಷ್ಟ್ರುಗಳಿಗೆ ಆದ ಲಾಭ ಇಷ್ಟು: ಸಂಬಳ ಸರಕಾರದಿಂದ ನೇರವಾಗಿ. ಅಡಿಕೆ ಮಾರಿ ಹಣ ಬರಲಿ, ಆಮೇಲೆ ಕೊಡುವ ಅನ್ನುವ ಮಾತು ನಿಂತಿತು. ನನಗೆ ಕಲಿಸಿದ ಮಾಷ್ಟ್ರೊಬ್ಬರು ಹೇಳುತ್ತಿದ್ದರು, ಮೊದಲ ಸಲ ಪೂರ್ತಿ ಸಂಬಳ ಕೈಗೆ ಬಂದ ದಿನ ಬದಿಯಡ್ಕಕ್ಕೆ ನಡೆದುಕೊಂಡು ಹೋಗಿ ಹೆಂಡತಿಗೆ ಸೀರೆ, ತನಗೊಂದು ಕೊಡೆ ತಂದೆ ಅಂತ.

ಆದರೆ ಸಂಬಳ ಸರಕಾರದ್ದು, ನೇಮಕ ಶಾಲೆ ನಡೆಸುವ ಮೆನೇಜರದ್ದು. ಇಲ್ಲಿಂದ ಇನ್ನೊಂದು ಕಥೆ ಶುರು. ಟೀಚರ್ ಕೆಲಸಕ್ಕೆ ಒಂದು ಬೆಲೆ ಬಂತು. ನಾನು ಸಾಚಾ ಅಂತ ಹೇಳಿಕೊಳ್ಳುವುದಿಲ್ಲ. ನನಗೆ ಈ ಕೆಲಸ ಆಗುವಾಗ ನನ್ನ ಅಪ್ಪ ತೋಟದ ಒಂದು ತುಂಡು ಮಾರಿ "ಬಿಲ್ಡಿಂಗ್ ಫಂಡಿಗೆ" ಅಂತ ಕೊಟ್ಟಿದ್ದಾರೆ. ರಶೀದಿ ಸಿಗಲಿಲ್ಲ. ಬಿಲ್ಡಿಂಗೂ ಕಾಣಲಿಲ್ಲ. ಒಂದು ಪಾವು ಅಕ್ಕಿಗೂ ಲೆಕ್ಕ ಬರೆದಿಟ್ಟ ಸಂಘ ಅದು. ಅದೇ ಸಂಘದ ಹೆಸರಿನಲ್ಲಿ ತೋಟದ ದುಡ್ಡಿಗೆ ಲೆಕ್ಕ ಇಲ್ಲ. ಆ ಲೆಕ್ಕದ ಪುಸ್ತಕ ಓದುವಾಗ ನನಗೆ ನಾಚಿಕೆ ಆದದ್ದು ಇದಕ್ಕೇ.

ಅದು ಹೇಗಾಯಿತು ಅಂತ ಕಾಗದಗಳಲ್ಲೇ ಕಾಣುತ್ತದೆ. ಮೊದಲು "ಸಂಘದ ಪರವಾಗಿ ಮೆನೇಜರ್" ಅಂತ ಸಹಿ. ಕೆಲವು ವರ್ಷ ಕಳೆದು "ಸಂಘದ ಪರವಾಗಿ" ಎಂಬ ಸೀಲು ಮಾಸುತ್ತದೆ. ಆಮೇಲೆ ಬರೀ "ಮೆನೇಜರ್". ಯಾರೂ ಮೋಸ ಮಾಡಬೇಕೆಂದು ಕೂತು ಮಾಡಿದ್ದಲ್ಲ ಅಂತ ನನ್ನ ನಂಬಿಕೆ. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಹೋಯಿತು. ದೊಡ್ಡ ಮನೆಗೂ ಏಟು ಬಿತ್ತು. ಒಕ್ಕಲುಗಳಿಗೆ ಭೂಮಿ ಸಿಕ್ಕಿತು, ಅವರು ಅವರ ಕೆಲಸದಲ್ಲಿ ಮುಳುಗಿದರು. ಅಂಗಡಿಯವರ ಮಕ್ಕಳು ಗಲ್ಫಿಗೆ ಹೋದರು. ಸೇತುವೆ ಬಂತು, ದೋಣಿ ನಿಂತಿತು. ಸಂಘದ ಮಹಾಸಭೆಗೆ ಜನ ಬರುವುದು ಕಡಿಮೆ ಆಯಿತು. ಕೊನೆಗೆ ಸಭೆ ಕರೆಯುವುದೇ ನಿಂತಿತು. ಏಳು ಮನೆಗಳಲ್ಲಿ ಆರು ಮರೆತವು, ಒಂದು ನೆನಪಿಟ್ಟುಕೊಂಡಿತು. ಮರೆತವರದ್ದೂ ತಪ್ಪೇ.

ಇದೆಲ್ಲ ಹಳೇ ಪುರಾಣ, ಈಗ ಯಾಕೆ ಅಂತ ನಿಮ್ಮಲ್ಲಿ ಒಬ್ಬರು ಕೇಳಿದರು. ಕಾರಣ ಹೇಳುತ್ತೇನೆ. ಪ್ರತಿ ವರ್ಷ ಜೂನಿನಲ್ಲಿ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಆ ದಿನದ ಲೆಕ್ಕದ ಮೇಲೆ ಎಷ್ಟು ಡಿವಿಷನ್, ಎಷ್ಟು ಟೀಚರ್ ಅಂತ ತೀರ್ಮಾನ. ಮೇ ತಿಂಗಳಿನ ಬಿಸಿಲಲ್ಲಿ ಮಕ್ಕಳನ್ನು ಹುಡುಕಿಕೊಂಡು ಮನೆ ಮನೆಗೆ ನಾನೂ ಹೋಗಿದ್ದೇನೆ. ಮನೆಯೆದುರು ಹಳದಿ ಬಸ್ಸು ಬರುತ್ತದೆ, ಇಂಗ್ಲಿಷ್ ಮೀಡಿಯಂ. "ನಿಮ್ಮ ಮೊಮ್ಮಕ್ಕಳು ಎಲ್ಲಿಗೆ ಹೋಗುವುದು ಟೀಚರೇ?" ಅಂತ ಒಬ್ಬಳು ಕೇಳಿದಳು. ಮಂಗಳೂರಿನಲ್ಲಿ, ಇಂಗ್ಲಿಷ್ ಮೀಡಿಯಂ. ನಾನು ಮಜ್ಜಿಗೆ ಕುಡಿದು ಎದ್ದು ಬಂದೆ. ಕನ್ನಡದ ಪಾಠಪುಸ್ತಕ ಬರುವಾಗ ಓಣಂ ಪರೀಕ್ಷೆ ಹತ್ತಿರ ಬಂದ ವರ್ಷಗಳೂ ಇವೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ವಿಧಿಯಲ್ಲಿದೆ, 1956ರಲ್ಲೇ ಸೇರಿಸಿದ್ದು. ಆ ಅನುಕೂಲ ಪಡೆಯಲು ಶಾಲೆಯಲ್ಲಿ ಮಕ್ಕಳೂ ಇರಬೇಕಲ್ಲ.

ಹೀಗೆ ಮಕ್ಕಳು ಕಡಿಮೆಯಾಗಿ ನಮ್ಮ ಶಾಲೆ "ಅನ್‌ಎಕನಾಮಿಕ್" ಪಟ್ಟಿಗೆ ಬಿದ್ದಿದೆ. ಅದೇ ಹೊತ್ತಿಗೆ ರಸ್ತೆ ಅಗಲವಾಗಿದೆ. ಆಟದ ಮೈದಾನದ ಸೆಂಟ್ಸಿಗೆ ಎಷ್ಟು ಬರುತ್ತದೆ ಅಂತ ಚಾ ಅಂಗಡಿಯಲ್ಲಿ ಮಾತಾಡುವುದನ್ನು ನಾನೇ ಕೇಳಿದ್ದೇನೆ. "ಅಜ್ಜ ಕಟ್ಟಿದ ಶಾಲೆ, ಮೊಮ್ಮಕ್ಕಳು ಏನು ಬೇಕಾದರೂ ಮಾಡಬಹುದು, ನಮಗೇನು" ಅಂದ ಒಬ್ಬ. ನಾಳೆ ನೀವು ಅಮೃತಶಿಲೆಯಲ್ಲಿ ಕೆತ್ತಿಸುವುದೂ ಅದೇ ಮಾತನ್ನು. ಕಲ್ಲಿನಲ್ಲಿ "ಏಕಾಂಗಿ" ಅಂತ ಇದ್ದರೆ ಅವನ ಮಾತಿಗೆ ನಾನು ಏನು ಉತ್ತರ ಕೊಡಲಿ?

ಕಾಯಿದೆಯಲ್ಲಿ ಉತ್ತರ ಇದೆ. ಅದೇ 1860ರ ಕಾಯಿದೆಯ 14ನೇ ಕಲಮು. ಸಂಘ ಮುಚ್ಚಿದರೆ ಸಾಲ ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ. ಬೇರೆ ಒಂದು ಸಂಘಕ್ಕೆ ಕೊಡಬೇಕು. ಮುಚ್ಚಬೇಕಾದರೂ ಸಭೆ ಕರೆಯಬೇಕು, ಐದರಲ್ಲಿ ಮೂರು ಪಾಲು ಸದಸ್ಯರು ಒಪ್ಪಬೇಕು. ತಿರುವಾಂಕೂರು-ಕೊಚ್ಚಿ ಕಡೆಗೆ 1955ರ ಬೇರೆ ಕಾಯಿದೆ, ನಮ್ಮ ಮಲಬಾರ್ ಕಡೆಗೆ ಈಗಲೂ ಇದೇ. ರಿಜಿಸ್ಟ್ರಾರರ ಹತ್ತಿರ ಇರುವ ಸಂಘದ ಕಾಗದವನ್ನು ಯಾರು ಬೇಕಾದರೂ ನೋಡಬಹುದು ಅಂತಲೂ ಅದರಲ್ಲಿದೆ. ಕಾಯಿದೆಯಲ್ಲಿ ಬರೆದ ಫೀಸು ಒಂದು ರೂಪಾಯಿ.

ದೊಡ್ಡ ಮನೆಯವರ ಮೇಲೆ ನಾನು ಕೇಸು ಹಾಕಲು ಹೊರಟಿದ್ದೇನೆ ಅಂತ ಸುದ್ದಿ ಹಬ್ಬಿಸಬೇಡಿ. ಈಗಿನ ಮೆನೇಜರು ನನಗೆ ತಮ್ಮನ ಹಾಗೆ. ಎರಡು ಸಲ ಸ್ವಂತ ಖರ್ಚಿನಲ್ಲಿ ಹಂಚು ಬದಲಿಸಿದವರು. ಜಾಗ ಮಾರುವ ಆಲೋಚನೆ ತನಗಿಲ್ಲ ಅಂತ ಅವರು ಹೇಳಿದ್ದನ್ನು ನಂಬುತ್ತೇನೆ. ಅವರು ನೂರು ವರ್ಷ ಬಾಳಲಿ. ಆದರೆ ಅವರ ಮಕ್ಕಳು ಬೆಂಗಳೂರಿನಲ್ಲಿ, ಅದರ ಮುಂದಿನವರು ಇನ್ನೆಲ್ಲಿಯೋ.

ನಾನು ಕೇಳುವುದು ಇಷ್ಟೇ. ಸಂಘದ ಮಹಾಸಭೆಯನ್ನು ಶತಮಾನೋತ್ಸವದ ಮೊದಲು ಒಮ್ಮೆ ಕರೆಯಿರಿ. ಮಂತ್ರಿಗಳು ಬರುವ ದಿನ ಬೇಡ, ಬೇರೆ ಒಂದು ದಿನ. ಏಳು ಮನೆಯವರನ್ನೂ, ಅಕ್ಕಿ ಕೊಟ್ಟ ಮನೆಯವರನ್ನೂ ಹೇಳಿಕಳಿಸಿ. ಹೊಸ ಸದಸ್ಯರನ್ನು ಮಾಡಿ, ಹೆಂಗಸರನ್ನೂ. ಜಗಲಿಯಲ್ಲಿ ಕೂತವರ ಮನೆಯಿಂದಲೂ. ಸಂಘ ಜೀವಂತ ಇದ್ದರೆ ಕಲ್ಲಿನಲ್ಲಿ ಏನು ಬರೆದರೂ ನನಗೆ ತಕರಾರು ಇಲ್ಲ. ಮೊದಲ ಪುಟದಲ್ಲಿ ಅಜ್ಜನ ಫೋಟೊ ಇರಲಿ, ಅದರ ಎದುರು ಪುಟದಲ್ಲಿ ಆ ಕಾಗದದ ಫೋಟೊ ಹಾಕಿ, ಹೆಬ್ಬೆಟ್ಟು ಕಾಣುವ ಹಾಗೆ. ಜಾಹೀರಾತಿಗೆ ಅಂತ ಬಿಟ್ಟ ಪುಟಗಳಲ್ಲಿ ನಾಲ್ಕು ಕಡಿಮೆ ಮಾಡಿದರೆ ಅಕ್ಕಿಯ ಪಟ್ಟಿ ಪೂರ್ತಿ ಹಿಡಿಯುತ್ತದೆ, ನಾನು ಎಣಿಸಿ ನೋಡಿದ್ದೇನೆ.

ಬೇರೆ ಊರುಗಳಲ್ಲಿರುವ ಹಳೆ ಮಕ್ಕಳೇ, ನಿಮ್ಮಿಂದಲೂ ಒಂದು ಉಪಕಾರ ಆಗಬೇಕು. ದುಡ್ಡು ಕಳಿಸುತ್ತೀರಿ, ಸಂತೋಷ. ಅದರ ಜೊತೆ ಮನೆಗೆ ಫೋನು ಮಾಡುವಾಗ ಅಟ್ಟ ಹುಡುಕಲು ಹೇಳಿ. ಹಳೆ ರಶೀದಿ, ಗ್ರೂಪ್ ಫೋಟೊ, ಆಟದ ಹ್ಯಾಂಡ್‌ಬಿಲ್ಲು, ಏನಿದ್ದರೂ. ಗೆದ್ದಲಿಗೆ ನಮ್ಮಷ್ಟು ಸಂಕೋಚ ಇಲ್ಲ. ಮಧ್ಯಾಹ್ನ ಶಾಲೆಯಲ್ಲಿ ಕೊಡುತ್ತಿದ್ದ ಅಮೆರಿಕದ ಗೋಧಿಯ ಸಜ್ಜಿಗೆಯ ಪರಿಮಳ ನೆನಪಿದ್ದವರು ಅದನ್ನಾದರೂ ಬರೆದು ಕಳಿಸಿ. ಅದು ಕೂಡ ಕರಡಿನಲ್ಲಿ ಇಲ್ಲ.

ಟ್ರಂಕು ಈಗ ನಮ್ಮ ಮನೆಯಲ್ಲಿದೆ. ಆದಿತ್ಯವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ಊಟದ ಹೊತ್ತಿನ ತನಕ ಶಾಲೆಯ ಜಗಲಿಗೆ ತರುತ್ತೇನೆ. ಯಾರು ಬೇಕಾದರೂ ಬಂದು ನೋಡಬಹುದು. ಕನ್ನಡಕ ತನ್ನಿ, ಅಕ್ಷರ ಸಣ್ಣದು. ಪುಟವನ್ನು ಎಂಜಲು ಮುಟ್ಟಿಸಿ ತಿರುಗಿಸಬೇಡಿ. ಇದನ್ನು ನಿಮಗೆ ಒಂದನೇ ಕ್ಲಾಸಿನಲ್ಲೇ ಹೇಳಿದ್ದೆ.

ಇತಿ,
ಇದೇ ಶಾಲೆಯಲ್ಲಿ ಕಲಿತು ಇಲ್ಲೇ ಪೆನ್ಷನ್ ಆದ ನಿಮ್ಮ ಟೀಚರ್

ಮರೆತಿದ್ದೆ: ಅಕ್ಕಿಯ ಪಟ್ಟಿಯಲ್ಲಿ ಒಂದು ಮನೆಯ ಹೆಸರು ನೀರು ಬಿದ್ದು ಅಳಿಸಿಹೋಗಿದೆ. ಮೊದಲ ಅಕ್ಷರ "ಕು" ಅಂತ ಕಾಣುತ್ತದೆ, ಕೊನೆಗೆ "ಮೂಲೆ". ಹೊಳೆಬದಿಯ ಮನೆ ಇರಬೇಕು, ಯಾಕೆಂದರೆ ಪಟ್ಟಿಯಲ್ಲಿ ಕಡವಿನ ಅಂಗಡಿಯ ನಂತರ ಬರುತ್ತದೆ. ಎರಡು ವಾರ "ಇಲ್ಲ" ಅಂತ ಬರೆಸಿ ಮೂರನೇ ವಾರ ಮರಗೆಣಸು ಕೊಟ್ಟದ್ದು ಅದೇ ಮನೆಯವರು. ಯಾರ ಮನೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.